ಬಲಕ್ಕೆ ಎಳೆಯುವ ಕಾರು

ಸಿಗ್ನಲ್ಲಿನಲ್ಲಿ ನಿಂತು ಹಿಂದೆ ಬಿದ್ದಿದ್ದ ಮಗಳು, ಮುಂದೆ ಹೋಗಿಬಿಟ್ಟಿದ್ದ ಶವದ ಗಾಡಿಯನ್ನು ಹಿಡಿಯಲು ಏರಿನಲ್ಲಿ ಗೇರು ಇಳಿಸಿ ಎಕ್ಸಲರೇಟರನ್ನು ಜೋರಾಗಿ ಒತ್ತಿದಳು. ಒತ್ತಿದ್ದೇ ತಡ, ಅವಳ ಎಡಗೈ ಸ್ಟೇರಿಂಗನ್ನು ಕೆಳಕ್ಕೆ ಜಗ್ಗಿ ಹಿಡಿಯಿತು. ಪಕ್ಕದ ಸೀಟಿನಲ್ಲಿದ್ದ ಅವಳಪ್ಪ, ಗ್ಯಾರೇಜಿನ ಮೇಸ್ತ್ರಿ, ಅದನ್ನು ನೋಡಿದ. ಮುಂದಿನ ಗಾಡಿಯಲ್ಲಿ ಮಲಗಿದ್ದವಳು ಅವನ ಹೆಂಡತಿ. ಅವನ ಕಣ್ಣು ಅಲ್ಲಿರಬೇಕಿತ್ತು. ಆದರೆ ಇವತ್ತು ಬೆಳಗಿನಿಂದ ಅವನ ಕಣ್ಣಾಗಲಿ ಮನಸ್ಸಾಗಲಿ ಇರಬೇಕಾದ ಕಡೆ ಇರಲಿಲ್ಲ.

"ಯಾಕೆ ಹಾಗೆ ಹಿಡ್ಕೊಂಡಿದೀಯ?" ಎಂದ.

"ಹೇಗೆ?"

"ಎಡಗೈ. ಜಗ್ತಾ ಇದೀಯಲ್ಲ."

"ಇಲ್ಲಾಂದ್ರೆ ಬಲಕ್ಕೆ ಹೋಗುತ್ತಲ್ಲಪ್ಪ. ಕಾಲು ಒತ್ತಿದ ಕೂಡ್ಲೇ ಎಡಗೈ ಬಿಗಿ ಮಾಡ್ಕೋಬೇಕು. ಅಮ್ಮ ಹಾಗೇ ಹೇಳ್ಕೊಟ್ಟಿದ್ದು."

"ಒಂದ್ಸಲ ಸಡಿಲ ಬಿಡು."

ಹಿಂದಿನ ಸೀಟಿನಿಂದ ನಾದಿನಿ, ಸತ್ತವಳ ತಂಗಿ, ಅಳುವುದನ್ನು ನಿಲ್ಲಿಸಿ ತಲೆಯೆತ್ತಿದಳು. "ಭಾವ, ಇದೆಲ್ಲ ಈಗ್ಲೇ ಬೇಕಾ?"

ಮಗಳು ಹಿಡಿತ ಸಡಿಲಿಸಿದಳು. ಕಾರು ಯಾರೋ ಮೂಗುದಾರ ಹಿಡಿದು ಎಳೆದ ಹಾಗೆ ಬಲಕ್ಕೆ ಹೊರಳಿ ರಸ್ತೆ ನಡುವಿನ ಬಿಳಿ ಗೆರೆ ದಾಟಿತು. ಎದುರಿನಿಂದ ಇಳಿದು ಬರುತ್ತಿದ್ದ ಲಾರಿ ಹಾರ್ನ್ ಬಾರಿಸಿತು. ನಾದಿನಿ ಕಿಟಾರನೆ ಕಿರುಚಿದಳು. ಮಗಳು ಸ್ಟೇರಿಂಗ್ ಎಳೆದು ಕಾರನ್ನು ಮತ್ತೆ ತನ್ನ ಕಡೆಗೆ ತಂದಳು, ಏನೂ ಆಗದವಳಂತೆ. ಅವಳಿಗೆ ಅದು ರೂಢಿಯಾಗಿತ್ತು.

"ಸಂಜೆ ನೀನು ಇದರಲ್ಲೇ ಹೋಗ್ತೀನಿ ಅಂತಿದೀಯ," ಮೇಸ್ತ್ರಿ ಅಂದ.

"ಹೋಗ್ಲೇಬೇಕಪ್ಪ. ಪಾಪು ಅತ್ತೆ ಹತ್ರ ಇದೆ. ಹಾಲು ಕಟ್ಕೊಂಡು ಎದೆ ಕಲ್ಲಾಗಿದೆ. ಬಸ್ಸು ಹಿಡಿದ್ರೆ ಬೆಳಗಾಗುತ್ತೆ. ಕಾರು ನಿನಗೇ ಅಂತ ಅಮ್ಮ ಹೇಳಿದ್ಲಲ್ಲ."

ಹೇಳಿದ್ದಳು, ನಿಜ. ಮಗಳ ಊರಿನ ದಾರಿ ಬೆಟ್ಟ ಹತ್ತಿ ಇಳಿಯುತ್ತದೆ. ಉದ್ದಕ್ಕೂ ಲಾರಿಗಳು. ಒಂದೊಂದನ್ನು ದಾಟುವಾಗಲೂ ಕಾಲು ಒತ್ತಲೇಬೇಕು. ನಿದ್ದೆಗೆಟ್ಟ, ಅತ್ತು ಅತ್ತು ಸೋತ ಕೈ ಒಂದೇ ಒಂದು ಸಲ ಬಿಗಿ ಹಿಡಿಯುವುದನ್ನು ಮರೆತರೆ ಸಾಕು. ಮೇಸ್ತ್ರಿಗೆ ಬೆಳಗಿನಿಂದ ಮೊದಲ ಬಾರಿಗೆ ಏನೋ ಒಂದು ಸ್ಪಷ್ಟವಾಗಿ ಅನ್ನಿಸಿತು: ಇದನ್ನು ಹೀಗೇ ಕಳಿಸಬಾರದು.

ತಮಾಷೆಯೆಂದರೆ, ಓರೆ ಓಡುವ ಕಾರುಗಳನ್ನು ಸರಿ ಮಾಡುವ ಅವನಿಗೆ ಊರಿನಲ್ಲಿ ನೆಟ್ಟಗೆ ಮೇಸ್ತ್ರಿ ಎಂದೇ ಹೆಸರು. ಹುಡುಗರು ಸಣ್ಣ ಕಾರಿಗೆ ದೊಡ್ಡ ಎಂಜಿನ್ನು, ಟರ್ಬೊ ಅಂತ ಏನೇನೋ ತುರುಕಿ, ಆಮೇಲೆ ಮುಖ ಸಪ್ಪಗೆ ಮಾಡಿಕೊಂಡು ಅವನ ಗ್ಯಾರೇಜಿಗೆ ಬರುತ್ತಿದ್ದರು. ಅಂಥ ಕಾರುಗಳಲ್ಲಿ ಗಾಡಿಯನ್ನು ಎಳೆಯುವುದೂ ಮುಂದಿನ ಚಕ್ರಗಳೇ, ತಿರುಗಿಸುವುದೂ ಅವೇ. ಎಂಜಿನ್ನಿನ ಬಲ ಎರಡಕ್ಕೂ ಒಂದೇ ಸಮ ಮುಟ್ಟದಿದ್ದರೆ, ಕಾಲೊತ್ತಿದಾಗ ಕಾರು ಸ್ಟೇರಿಂಗನ್ನು ಕೈಯಿಂದ ಕಿತ್ತುಕೊಂಡು ತನ್ನಿಷ್ಟದ ಕಡೆ ಹೊರಡುತ್ತದೆ. ಮೇಸ್ತ್ರಿ ಒಂದು ಸುತ್ತು ಓಡಿಸಿ ಬಂದು ಇಂಥದ್ದೇ ಕಾರಣ ಎಂದು ಹೇಳಿಬಿಡುತ್ತಿದ್ದ. ಹೇಳಿದ್ದು ತಪ್ಪಾದದ್ದಿಲ್ಲ.

*

ಮೇಸ್ತ್ರಿಯ ಹೆಂಡತಿ ಪರದೆ ಹೊಲಿಯುತ್ತಿದ್ದಳು. ಜನರ ಮನೆಗೆ ಹೋಗಿ ಕಿಟಕಿ ಅಳೆಯುವುದು, ಬಟ್ಟೆ ತರುವುದು, ಹೊಲಿದದ್ದನ್ನು ಒಯ್ದು ಏಣಿ ಹತ್ತಿ ನೇತುಹಾಕುವುದು, ಎಲ್ಲಾ ಒಬ್ಬಳೇ. ಏಣಿ, ಬಟ್ಟೆಯ ಸುರುಳಿ, ಪರದೆಯ ಕಂಬಿಗಳನ್ನು ಹೇರಿಕೊಂಡು ಗುಡ್ಡದ ಮೇಲಿನ ಬಡಾವಣೆಗೆ ಹೊರಟರೆ ಅವಳ ಹಳೆಯ ಸಣ್ಣ ಕಾರು ಏರಿನಲ್ಲಿ ಏದುಸಿರು ಬಿಡುತ್ತಿತ್ತು. ಮೇಸ್ತ್ರಿಗೆ ಅದು ಅವಮಾನವೆನಿಸಿತು. ಅಪಘಾತವಾಗಿ ಬಂದಿದ್ದ ಇನ್ನೊಂದು ಕಾರಿನ ಎಂಜಿನ್ನನ್ನು ತೆಗೆದು, ಟರ್ಬೊ ಸಮೇತ ಇದಕ್ಕೆ ಕೂರಿಸಿದ. ಅದನ್ನು ಹೊತ್ತು ಹಿಡಿಯುವ ಕಬ್ಬಿಣದ ಮೌಂಟಿಂಗನ್ನು ತಾನೇ ಅಳತೆ ಕೊಟ್ಟು ಪಕ್ಕದ ವೆಲ್ಡರ್ ಹತ್ತಿರ ಮಾಡಿಸಿದ.

ಪರದೆ ಹಾಕೋಕೆ ರೇಸಿನ ಕಾರು ಎಂದು ಬೀದಿಯೆಲ್ಲ ನಕ್ಕಿತು. ಅವಳೂ ನಕ್ಕಳು. ಮೊದಲ ದಿನ ಗುಡ್ಡ ಹತ್ತಿ ಬಂದು, "ಹಕ್ಕಿ ಹಾರಿದ ಹಾಗೆ ಹೋಯ್ತು ರೀ," ಎಂದಳು. ವರ್ಷವೊಂದು ಕಳೆದ ಮೇಲೆ ಒಂದು ಸಂಜೆ, ಏಣಿ ಇಳಿಸುತ್ತ, "ರೀ, ಇದು ಯಾಕೋ ಓರೆ ಹೋಗುತ್ತೆ. ಕಾಲು ಒತ್ತಿದ್ರೆ ಬಲಕ್ಕೆ ಎಳೆಯುತ್ತೆ," ಅಂದಳು.

ಮೇಸ್ತ್ರಿ ಆಗಲೇ ಓಡಿಸಿ ನೋಡಿದ. ಏರಿನಲ್ಲಿ ಕಾಲು ಒತ್ತಿದ. ಕಾರು ದಾರ ಹಿಡಿದಂತೆ ನೆಟ್ಟಗೆ ಹೋಯಿತು.

"ಏನೂ ಇಲ್ಲ ಇವಳೇ. ನಿನ್ನ ಕೈ ಹಗುರ. ಸ್ವಲ್ಪ ಬಿಗಿಯಾಗಿ ಹಿಡಿ."

ಇನ್ನೊಂದು ಸಲ ಅವಳು ಹೇಳಿದಾಗ ಗ್ಯಾರೇಜಿನಲ್ಲಿ ಗಿರಾಕಿಗಳಿದ್ದರು. ಅವನು ಮತ್ತೆ ಓಡಿಸಿ ಬಂದು, "ನೆಟ್ಟಗೆ ಮೇಸ್ತ್ರಿ ಹೆಂಡ್ತಿ ಕಾರೇ ಓರೆಯಂತೆ, ಕೇಳಿ!" ಎಂದ. ಎಲ್ಲರೂ ನಕ್ಕರು. ಅವಳೂ ಸೆರಗಿನಿಂದ ಬಾಯಿ ಒರೆಸಿಕೊಂಡು ನಕ್ಕು ಒಳಗೆ ಹೋದಳು. ಮತ್ತೆ ಆ ಮಾತು ಎತ್ತಲಿಲ್ಲ.

ಪರದೆಯ ಅಂಚು ಒಂದು ಕಡೆ ಕೂದಲೆಳೆಯಷ್ಟು ಮೇಲಿದ್ದರೂ ಅವಳ ಕಣ್ಣಿಗೆ ಚುಚ್ಚುತ್ತಿತ್ತು. ಅಂಥವಳು ಓರೆ ಎಂದರೆ ಓರೆಯೇ ಇರಬೇಕು ಎಂಬುದು ಅವನಿಗೆ ಹೊಳೆಯಲಿಲ್ಲ.

*

ಸ್ಮಶಾನದಲ್ಲಿ ಎಲ್ಲವೂ ಬೇಗ ಬೇಗ ನಡೆಯಿತು. ಬಂದವರಲ್ಲಿ ಅರ್ಧದಷ್ಟು ಜನರನ್ನು ಮೇಸ್ತ್ರಿ ನೋಡಿಯೇ ಇರಲಿಲ್ಲ. ಅವರೆಲ್ಲ ಅವಳ ಗಿರಾಕಿಗಳು. ಒಬ್ಬೊಬ್ಬರೂ ಹತ್ತಿರ ಬಂದು, ನಮ್ಮ ಮಲಗೋ ಕೋಣೆ ಪರದೆ ಅವರದೇ, ನಮ್ಮ ಅಂಗಡೀದು ಅವರದೇ, ಎಂದು ಗುರುತು ಹೇಳಿದರು. ಅವನು ಎಲ್ಲರಿಗೂ ತಲೆಯಾಡಿಸಿದ. ಅವಳು ಕೊನೆಯುಸಿರು ಬಿಟ್ಟ ಮನೆಯ ಹೆಂಗಸೂ ಬಂದಿದ್ದಳು. ಅವನ ಎದುರು ನಿಂತು ಕೈ ಹಿಸುಕಿಕೊಂಡಳು.

"ಪರದೆ ಎಲ್ಲ ಹಾಕಿ ಇಳಿದಿದ್ರು. ದೂರ ನಿಂತು ನೋಡಿ, ಬಲಗಡೆ ಸ್ವಲ್ಪ ಜಗ್ಗಿದೆ ಅಂತ ಮತ್ತೆ ಏಣಿ ಹತ್ತಿದ್ರು. ಯಾರಿಗೂ ಕಾಣಲ್ಲ ಬಿಡಿ ಅಂದೆ ನಾನು. ನಂಗೆ ಕಾಣುತ್ತಲ್ಲ ಅಂದ್ರು."

"ಆಮೇಲೆ?"

"ಸರಿ ಮಾಡಿದ್ರು. ಇಳಿದು ಕುರ್ಚಿ ಮೇಲೆ ಕೂತು ನೀರು ಕೇಳಿದ್ರು. ನಾನು ತರೋಷ್ಟರಲ್ಲಿ..." ಹೆಂಗಸು ಬಿಕ್ಕಿದಳು. "ನೋವು ಏನೂ ಇರ್ಲಿಲ್ಲ ಅನ್ಸುತ್ತೆ ಸಾರ್. ಮುಖ ಶಾಂತವಾಗಿತ್ತು."

ಮೇಸ್ತ್ರಿಯೇ ಅವಳನ್ನು ಸಮಾಧಾನ ಮಾಡಿ ಕಳಿಸಿದ.

"ಒಂದು ಹನಿ ಕಣ್ಣೀರಿಲ್ಲ ನೋಡ್ರೀ, ಕಲ್ಲು," ಎಂದು ಹಿಂದೆ ಯಾರೋ ಅಂದರು. "ಪಾಪ, ಇನ್ನೂ ತಲೆಗೆ ಹತ್ತಿಲ್ಲ," ಎಂದು ಇನ್ನೊಬ್ಬರು. ಎರಡೂ ಅವನ ಕಿವಿಗೆ ಬಿದ್ದವು, ಎರಡೂ ಸರಿಯೆನಿಸಿದವು. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿಸಿಕೊಂಡ ದವಡೆಯ ಹಾಗೆ ಒಳಗೆಲ್ಲ ಜೋಮು ಹಿಡಿದಿತ್ತು. ದುಃಖ ಈಗ ಬರಬಹುದು, ಶವದ ಪೆಟ್ಟಿಗೆಯನ್ನು ಗುಂಡಿಗೆ ಇಳಿಸುವಾಗ ಬರಬಹುದು ಎಂದು ಕಾದ. ಪೆಟ್ಟಿಗೆ ಇಳಿಯಿತು. ಮಗಳು ಅವನ ತೋಳಿಗೆ ಮುಖ ಒತ್ತಿ ಅತ್ತಳು. ಅವನು ಒಂದು ಹಿಡಿ ಮಣ್ಣು ಹಾಕಿದ. ಹಾಕುವಾಗಲೂ ತಲೆಯೊಳಗೆ ಓಡುತ್ತಿದ್ದದ್ದು ಟೈರು, ಬುಷ್ಷು, ಮೌಂಟಿಂಗು, ಆಕ್ಸಲ್ಲು. ಮೊದಲು ಯಾವುದನ್ನು ನೋಡುವುದು?

*

"ಭಾವ!"

ಮೇಸ್ತ್ರಿ ಕಾರಿನ ಅಡಿಯಲ್ಲಿದ್ದ. ಮಣ್ಣು ಮುಗಿಸಿ ಬಂದವನು ಮನೆಯೊಳಗೆ ಕಾಲಿಡದೆ, ತೊಟ್ಟ ಬಿಳಿ ಅಂಗಿಯಲ್ಲೇ, ಮನೆಗೆ ಅಂಟಿಕೊಂಡಿದ್ದ ಗ್ಯಾರೇಜಿಗೆ ಕಾರು ಹಾಕಿಸಿ ಜಾಕು ಕೊಟ್ಟಿದ್ದ.

"ಭಾವ, ಜನ ಬರ್ತಾ ಇದಾರೆ. ಮಾತಾಡಿಸೋಣ ಅಂತ ಬಂದವರಿಗೆ ನಿಮ್ಮ ಕಾಲು ಮಾತ್ರ ಕಾಣ್ತಿದೆ. ಚೆನ್ನಾಗಿರುತ್ತಾ? ಇವತ್ತೊಂದಿನ ಗ್ಯಾರೇಜು ಮುಚ್ಚಿರೋಕೆ ಆಗಲ್ವಾ?"

"ಪುಟ್ಟಿ ಸಂಜೆ ಹೊರಡ್ಬೇಕು. ಹೀಗೇ ಕಳಿಸೋಕಾಗಲ್ಲ."

"ಇಷ್ಟು ವರ್ಷ ಅಕ್ಕ ಹೀಗೇ ಹೋಗಿಬರ್ತಿರ್ಲಿಲ್ವಾ?"

 ನಾದಿನಿಯ ಸಿಟ್ಟು ಏರಿತು. "ನಂಗೆಲ್ಲ ಗೊತ್ತು. ಅವಳು ನನ್ನ ಹತ್ರ ಹೇಳಿದ್ಲು. ಅದು ಎಳೆಯುತ್ತೆ ಕಣೇ, ಆದರೆ ಭಾವಂಗೆ ಹೇಳಿದ್ರೆ ನಗ್ತಾರೆ ಅಂತ. ಈಗ ಅವಳು ಹೋದ್ಮೇಲೆ ನಿಮಗೆ ಜ್ಞಾನೋದಯ!"

ಪಕ್ಕದಲ್ಲಿ ನಿಂತಿದ್ದ ವೆಲ್ಡರ್, "ಬಿಡಮ್ಮ, ಇವತ್ತು ಬೇಡ," ಎಂದ. ಮೇಸ್ತ್ರಿಯ ಹಳೆಯ ಸ್ನೇಹಿತ ಅವನು. ಇಬ್ಬರ ಅಂಗಡಿಗೂ ನಡುವೆ ಒಂದೇ ಗೋಡೆ.

ಮೇಸ್ತ್ರಿ ಹೊರಗೆ ಜಾರಿಬಂದು ಕೂತ. ನಾದಿನಿಯ ಮುಖ ನೋಡಿದ. ಅಕ್ಕತಂಗಿಯರಿಗೆ ಒಂದೇ ಹಣೆ, ಒಂದೇ ಹುಬ್ಬು.

"ನೀನು ಹೇಳಿದ್ದು ಸರಿ," ಎಂದ. "ಬೈಯೋದಿದ್ರೆ ಆಮೇಲೆ ಬೈಯಿ, ಎಷ್ಟು ಬೇಕಾದ್ರೂ. ಈಗ ಬಂದೋರನ್ನ ಸ್ವಲ್ಪ ನೀನೇ ನೋಡ್ಕೊ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಹೊರಗೆ ನಡೆದಳು. ಸ್ವಲ್ಪ ಹೊತ್ತಿಗೆ ಅಂಗಳದಿಂದ ಅವಳ ದನಿ ಕೇಳಿಸಿತು: "ಅವರಿಗೆ ಮೈ ಸರಿ ಇಲ್ಲ, ಮಲಗಿದಾರೆ." ಸುಳ್ಳೇನಲ್ಲ. ಮಲಗಿದ್ದಂತೂ ನಿಜ, ಕಾರಿನ ಕೆಳಗೆ.

ಮೊದಲು ಟೈರಿನ ಗಾಳಿ ನೋಡಿದ. ಸಮ ಇತ್ತು. ಮುಂದಿನ ಎರಡು ಚಕ್ರಗಳನ್ನು ಅದಲು ಬದಲು ಮಾಡಿ ವೆಲ್ಡರನನ್ನು ಏರಿನವರೆಗೆ ಓಡಿಸಲು ಕಳಿಸಿದ. ಟೈರಿನದೇ ತಪ್ಪಾಗಿದ್ದರೆ ಕಾರು ಈಗ ಎಡಕ್ಕೆ ಎಳೆಯಬೇಕಿತ್ತು. "ಬಲಕ್ಕೇ, ಅಪ್ಪಾ, ಕೈ ಕಿತ್ತು ಬರೋ ಹಾಗೆ!" ಎಂದು ಹೇಳುತ್ತ ಅವನು ವಾಪಸು ಬಂದ. ಟೈರು ಅಲ್ಲ. ಬಾನೆಟ್ ಎತ್ತಿ, ವೆಲ್ಡರನಿಗೆ ಬ್ರೇಕು ಒತ್ತಿಹಿಡಿದು ಗೇರಿನಲ್ಲಿ ಕ್ಲಚ್ಚನ್ನು ಒಂಚೂರು ಬಿಡು ಎಂದ. ಎಂಜಿನ್ನು ಒಂದು ಕಡೆ ಎದ್ದು ಪಕ್ಕಕ್ಕೆ ವಾಲಿತು. ಕೆಳಗಿಳಿದು, ಬಲಚಕ್ರವನ್ನು ಹಿಡಿದಿಡುವ ಕಬ್ಬಿಣದ ತೋಳಿನ ಸಂದಿಗೆ ಸಲಾಕೆ ತೂರಿಸಿ ಮೀಟಿದ. ರಬ್ಬರಿನ ಬುಷ್ ಹರಿದು ಬಾಯಿ ಬಿಟ್ಟಿತ್ತು. ಕಾಲೊತ್ತಿದಾಗಲೆಲ್ಲ ಚಕ್ರವೇ ತನ್ನ ಜಾಗ ಬಿಟ್ಟು ಸರಿಯುತ್ತಿತ್ತು.

ಆದರೆ ಬುಷ್ ಹರಿದದ್ದೇಕೆ? ಅವನು ಟಾರ್ಚು ಹಿಡಿದು, ಎಂಜಿನ್ನಿನ ಬಲವನ್ನು ಚಕ್ರಗಳಿಗೆ ಮುಟ್ಟಿಸುವ ಎರಡೂ ಆಕ್ಸಲ್‌ಗಳನ್ನು ನೋಡಿದ. ಬಲಗಡೆಯದು ಉದ್ದ, ಹೆಚ್ಚುಕಡಿಮೆ ನೆಟ್ಟಗಿತ್ತು. ಎಡಗಡೆಯದು ಗಿಡ್ಡ, ಜಾರುಬಂಡೆಯ ಹಾಗೆ ಇಳಿಜಾರಾಗಿತ್ತು. ಎಂಜಿನ್ನೇ ಓರೆಯಾಗಿ ಕೂತಿತ್ತು. ಕೂರಿಸಿದ ದಿನದಿಂದಲೂ ಅದರ ಬಲ ಒಂದು ಕಡೆಗೇ ಹೆಚ್ಚು ಬಿದ್ದು ಆ ಬುಷ್ಷನ್ನು ಜಗ್ಗುತ್ತಿತ್ತು.

"ಈ ಮೌಂಟಿಂಗು ನಾನೇ ವೆಲ್ಡ್ ಮಾಡಿದ್ದಲ್ವಾ?" ವೆಲ್ಡರ್ ಬಗ್ಗಿ ಕೇಳಿದ.

"ಅಳತೆ ಕೊಟ್ಟಿದ್ದು ನಾನು."

ಗಿರಾಕಿಯ ಕಾರಾಗಿದ್ದರೆ ಒಂದೇ ಸುತ್ತಿಗೆ ಹಿಡಿದುಬಿಡುತ್ತಿದ್ದ. ಹಾಗಾದರೆ ಇದು ತನ್ನ ಕೈಗೆ ಯಾಕೆ ತಿಳಿಯಲಿಲ್ಲ? ಉತ್ತರ ಸಿಗದ ಆ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಅವನು ಬುಷ್ ಬಿಚ್ಚತೊಡಗಿದ.

*

ಹಿಂದೆಲ್ಲ, ರಾತ್ರಿ ಊಟವಾದ ಮೇಲೆ ಹೆಂಡತಿ ಎಡಭುಜಕ್ಕೆ ಮುಲಾಮು ಹಚ್ಚಿಕೊಳ್ಳುತ್ತಿದ್ದಳು. ಬಲಗೈಯನ್ನು ಹಿಂದಕ್ಕೆ ಚಾಚಿ, ನಿಲುಕದ ಕಡೆ ನಿಲುಕಿಸಲು ಒದ್ದಾಡುತ್ತ. ಮನೆಯೆಲ್ಲ ಆ ಮುಲಾಮಿನ ಘಾಟು.

"ಹೊಲಿಗೆ ಮಿಶನ್ನಿಂದ ಬಂದ ನೋವು ಅದು," ಎಂದು ಮೇಸ್ತ್ರಿ ತೀರ್ಮಾನಿಸಿದ. "ಮೇಜು ತಗ್ಗಾಗಿದೆ. ನೀನು ಬಗ್ಗಿ ಬಗ್ಗಿ ಹೊಲೀತೀಯ."

ಭಾನುವಾರವಿಡೀ ಕೂತು ಗಟ್ಟಿ ಮರದ ನಾಲ್ಕು ತುಂಡು ಕೊರೆದು, ಉಜ್ಜಿ, ಮೇಜಿನ ಕಾಲುಗಳ ಅಡಿಗೆ ಕೂರಿಸಿದ. ಅಲುಗಾಡದಂತೆ ಕೂರಿಸಿದ. ಅವಳು ಕೂತು ನೋಡಿದಳು, ಚಕ್ರ ತಿರುಗಿಸಿದಳು.

"ಈಗ ಹೇಗಿದೆ?"

"ಈಗ ಪರವಾಗಿಲ್ಲ ರೀ," ಎಂದಳು. ಅವನಿಗೆ ಖುಷಿಯಾಯಿತು. ಮುಲಾಮಿನ ಡಬ್ಬಿ ಆಮೇಲೆ ಕಾಣಿಸಲಿಲ್ಲ. ಮನೆಯಲ್ಲಿ ಕಾಣಿಸಲಿಲ್ಲ ಅಷ್ಟೆ. ಇವತ್ತು ಕಾರಿನ ಸೀಟಿನ ಅಡಿಯಲ್ಲಿ ಕೈಯಾಡಿಸಿದಾಗ ಅರ್ಧ ಖಾಲಿಯಾದ ಡಬ್ಬಿ ಸಿಕ್ಕಿತು. ಅವನು ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

*

ಹೊಸ ಬುಷ್ ಕೂತಿತು. ಎಂಜಿನ್ನಿಗೆ ಜಾಕು ಕೊಟ್ಟು ಎತ್ತಿ, ವೆಲ್ಡರ್ ಕತ್ತರಿಸಿಕೊಟ್ಟ ದಪ್ಪ ತಗಡನ್ನು ಮೌಂಟಿಂಗಿನ ಅಡಿಗೆ ಸೇರಿಸಿ ಬಿಗಿದರು. ಎರಡು ಆಕ್ಸಲ್‌ಗಳ ಇಳಿಜಾರು ಒಂದಕ್ಕೊಂದು ಸಮೀಪಕ್ಕೆ ಬಂತು. ಬಿಸಿಲು ಇಳಿಯುತ್ತಿತ್ತು. ಒಳಗೆ ಮಗಳು ಬಟ್ಟೆ ಜೋಡಿಸಿಕೊಳ್ಳುತ್ತಿದ್ದಳು.

ಮೇಸ್ತ್ರಿ ತಾನೇ ಓಡಿಸಿದ. ಮನೆಯ ಮುಂದಿನ ರಸ್ತೆ ಸ್ವಲ್ಪ ದೂರದಲ್ಲೇ ಏರಾಗುತ್ತದೆ. ಏರಿಗೆ ಬಂದು ಕಾಲು ಒತ್ತಿದ. ಕಾರು ಸರ್ರನೆ ಎಡಕ್ಕೆ ಹೊರಳಿತು.

ಬ್ರೇಕು ಹಾಕಿದ. ತಗಡು ಜಾಸ್ತಿ ದಪ್ಪವಾಯಿತೇ? ಹಿಂದಕ್ಕೆ ಬಂದು ಮತ್ತೆ ಅಡಿಗಿಳಿದು ಎಲ್ಲವನ್ನೂ ಅಳೆದ. ಎಲ್ಲ ಸರಿ ಇತ್ತು. ಮತ್ತೆ ಓಡಿಸಿದ. ಮತ್ತೆ ಎಡಕ್ಕೆ.

"ಇಳಿ, ನಾನು ನೋಡ್ತೀನಿ," ಎಂದ ವೆಲ್ಡರ್. ಮೇಸ್ತ್ರಿ ರಸ್ತೆ ಪಕ್ಕದಲ್ಲಿ ನಿಂತು ನೋಡಿದ. ಕಾರು ಏರಿನಲ್ಲಿ ಗುಂಡು ಹಾರಿದ ಹಾಗೆ ನೆಟ್ಟಗೆ ಹೋಯಿತು. ವಾಪಸು ಬರುವಾಗ ವೆಲ್ಡರ್ ಕಿಟಕಿಯಿಂದ ತಲೆ ಹೊರಹಾಕಿದ್ದ.

"ಒಂದು ಬೆರಳಲ್ಲಿ ಓಡಿಸ್ಬೋದು ಕಣೋ. ಕಾರು ಎಳೀತಿಲ್ಲ. ನಿನ್ನ ಕೈ ಎಳೀತಿದೆ."

ಮೇಸ್ತ್ರಿ ತನ್ನ ಎಡಗೈಯನ್ನು ನೋಡಿದ. ಕಾರು ಕಟ್ಟಿದ ದಿನದಿಂದ, ಅವಳು ಹೊಲಿಯಲು ಕೂತಾಗಲೆಲ್ಲ, ಅದನ್ನು ಓಡಿಸಿದ ಕೈ. ದಿನಕ್ಕಿಷ್ಟು ದಿನಕ್ಕಿಷ್ಟು ಎಂದು ಕಾರು ಬಲಕ್ಕೆ ಎಳೆಯುತ್ತ ಹೋದಂತೆ ಈ ಕೈಯೂ ಎಡಕ್ಕೆ ಎಳೆಯುತ್ತ ಹೋಗಿತ್ತು, ಅವನನ್ನು ಒಂದು ಮಾತೂ ಕೇಳದೆ. ಅದಕ್ಕೇ ಅವನು ಓಡಿಸಿದಾಗಲೆಲ್ಲ ಕಾರು ನೆಟ್ಟಗೆ ಹೋದದ್ದು. ಅವನ ಕೈಗೆ ಎಲ್ಲ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಗೊತ್ತಿಲ್ಲದೆ ನಕ್ಕವನು ಅವನೊಬ್ಬ. ನಾಚಿಕೆಯಾಯಿತು, ಆದರೆ ಆ ನಾಚಿಕೆಯೂ ಗಾಜಿನ ಆಚೆ ಯಾರಿಗೋ ಆದಂತಿತ್ತು.

ಮಗಳು ಚೀಲ ಹಿಡಿದು ಹೊರಗೆ ಬಂದಳು. ನಾದಿನಿ ಅವಳ ಬೆನ್ನು ಸವರಿ, ಬಾಗಿಲು ತೆರೆದು ಕೂರಿಸಿದಳು. ಮೇಸ್ತ್ರಿ ಕಿಟಕಿಗೆ ಬಗ್ಗಿದ.

"ಪುಟ್ಟಿ, ಈಗ ಇದು ಎಳೆಯಲ್ಲ. ಕೈ ಹಗುರ ಬಿಡು. ಅಮ್ಮ ಹೇಳ್ಕೊಟ್ಟ ಹಾಗೆ ಹಿಡೀಬೇಡ."

ಮಗಳು ಸ್ಟೇರಿಂಗನ್ನೇ ನೋಡುತ್ತ ಕೂತಳು. 

"ಅವಳು ಕೂತು ಹೇಳ್ಕೊಟ್ಟಿದ್ದು ಇದೊಂದೇ ಅಪ್ಪ. ಇವತ್ತೇ ಬಿಡ್ಬೇಕಾ?"

"ಬಿಡ್ಬೇಕು ಮಗಳೇ. ಹಾಗೆ ಹಿಡಿದ್ರೆ ಈಗ ಎಡಕ್ಕೆ ಹೋಗುತ್ತೆ. ಬೆಟ್ಟದ ರಸ್ತೇಲಿ ಎಡಕ್ಕೆ ಕಂದಕ." ಅವನ ದನಿ ಅವನಿಗೇ ಒರಟಾಗಿ ಕೇಳಿಸಿತು. "ಇಲ್ಲೇ ಏರಿನಲ್ಲಿ ಒಂದ್ಸಲ ಒತ್ತಿ ನೋಡು. ಕೈಗೆ ಗೊತ್ತಾಗ್ಲಿ. ಸರಿ ಅನ್ನಿಸದಿದ್ರೆ ನಿಲ್ಸು, ನಾನೇ ಬರ್ತೀನಿ ಜೊತೆಗೆ."

ಅವಳು ತಲೆಯಾಡಿಸಿದಳು. ಕಾರು ಹೊರಟಿತು. ಏರಿನ ಬುಡದಲ್ಲಿ ಎಂಜಿನ್ನಿನ ಸದ್ದು ಏರಿತು. ಕಾರು ಎಡಕ್ಕೆ ಹೊರಳಿತು. ಡಾಂಬರು ಬಿಟ್ಟು ಪಕ್ಕದ ಧೂಳಿಗೆ ಇಳಿಯಿತು. ಏಣಿ ಹೇರಿಕೊಂಡು ಬೆಳಗ್ಗೆ ಬೆಳಗ್ಗೆ ಗುಡ್ಡ ಹತ್ತುತ್ತಿದ್ದವಳ ಕೈ ಅದು, ಬಿಗಿ ಹಿಡಿದ ಎಡಗೈ. ಮೇಸ್ತ್ರಿ ಎರಡು ಹೆಜ್ಜೆ ಮುಂದಕ್ಕೆ ಓಡಿದ. ಆಮೇಲೆ ಆ ಕೈ ಸಡಿಲಿತು. ಕಾರು ಮೆಲ್ಲಗೆ ಡಾಂಬರಿಗೆ ಮರಳಿ, ಇನ್ನೊಮ್ಮೆ ಸದ್ದು ಏರಿಸಿ, ಈ ಸಲ ಒಂದಿಷ್ಟೂ ಹೊರಳದೆ ಏರು ಹತ್ತಿ ಮರೆಯಾಯಿತು. ಮಗಳು ಸುರಕ್ಷಿತವಾಗಿ ಮನೆ ಸೇರುತ್ತಾಳೆ ಎಂದು ಅವನಿಗೆ ಖಾತ್ರಿಯಾಯಿತು.

ಎಲ್ಲರೂ ಒಳಗೆ ಹೋದರು. ಅವನು ಏರಿನವರೆಗೆ ನಡೆದುಹೋದ. ಧೂಳಿನಲ್ಲಿ ಚಕ್ರದ ಗುರುತು ಒಂದಷ್ಟು ದೂರ ಓರೆಯಾಗಿ ಸಾಗಿ, ಬಾಗಿ, ಮತ್ತೆ ಡಾಂಬರಿಗೆ ಹತ್ತಿತ್ತು. ಹೆಂಡತಿಯ ಕೈ ಕೊನೆಯ ಸಲ ಎಳೆದ ಆ ಗೆರೆಯನ್ನೇ ನೋಡುತ್ತ ನಿಂತ.

ಬಾಡಿಗೆಯ ಕುರ್ಚಿಗಳನ್ನು ತುಂಬಿಕೊಂಡ ವ್ಯಾನೊಂದು ಮನೆಯ ಕಡೆಯಿಂದ ಏರು ಹತ್ತಿ ಬಂತು. ಎದುರಿನ ಬಸ್ಸಿಗೆ ದಾರಿ ಬಿಡಲು ವ್ಯಾನಿನವನು ಸರಿಯಾಗಿ ಆ ಧೂಳಿನ ಕಡೆಗೇ ತಿರುಗಿಸಿದ. ಮೇಸ್ತ್ರಿ ಓಡಿಹೋಗಿ ಎರಡೂ ಕೈ ಚಾಚಿ ಅಡ್ಡ ನಿಂತ.

"ಇಲ್ಲಿ ಬೇಡಪ್ಪ, ಇಲ್ಲಿ ಬೇಡ. ಆ ಕಡೆ ತಗೋ."

"ಯಾಕೆ ಸಾರ್, ಏನಾದ್ರೂ ಬಿದ್ದಿದೆಯಾ?"

 ಮೇಸ್ತ್ರಿಯ ಕಣ್ಣಿನಿಂದ ನೀರು ಇಳಿಯತೊಡಗಿತ್ತು. ಚಾಚಿದ ಕೈಗಳನ್ನು ಕೆಳಗಿಳಿಸದೆ ಹಾಗೇ ನಿಂತಿದ್ದ. ವ್ಯಾನಿನವನು ಕಿಟಕಿಯಿಂದ ಬಗ್ಗಿ, ಏನು ಬಿದ್ದಿದೆಯೆಂದು ಧೂಳಿನಲ್ಲಿ ಹುಡುಕುತ್ತಿದ್ದ.